ಡಿಸ್ಕು ನಮ್ಮದು, ಕೀಲಿಕೈ ಯಾರದು?

ಈಗ ಎಲ್ಲ ಗೋಷ್ಠಿಗಳಲ್ಲೂ ಕೃತಕ ಬುದ್ಧಿಮತ್ತೆಯ ಮಾತೇ. ನಾನು ಹೇಳಹೊರಟಿರುವುದು ಸರ್ವರ್ ಕೋಣೆಯ ಹಳೆಯ ಕಥೆ. ರೇಡ್ ಕಂಟ್ರೋಲರ್ ಇರುವ ಯಂತ್ರಕ್ಕೆ ಲಿನಕ್ಸ್ ಹಾಕುವುದು ಒಂದು ಕಾಲದಲ್ಲಿ ಯಾಕೆ ಅಷ್ಟು ಫಜೀತಿಯಾಗಿತ್ತು, ಆ ಗಂಟು ಹೇಗೆ ಬಿಚ್ಚಿತು ಎಂಬ ಕಥೆ. ನಮ್ಮ ಸಂಘ ಹಳೆಯ ನಾಟಕಗಳ ವಿಡಿಯೋ, ಸ್ಮರಣ ಸಂಚಿಕೆಗಳನ್ನೆಲ್ಲ ಡಿಜಿಟಲ್ ಮಾಡಿ ಕಾಪಿಡಲು ಹೊರಟಿರುವಾಗ ಇದು ನಮಗೆಲ್ಲ ಸಂಬಂಧಪಟ್ಟ ವಿಷಯ.

ಕಥೆ ಶುರುವಾಗುವುದು ನಾವು ಸೇರಿರುವ ಈ ಬೇ ಏರಿಯಾದಲ್ಲೇ. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಸ್ ಒಂದು ಪ್ರಬಂಧ ಪ್ರಕಟಿಸಿದರು. ಆಗ ದೊಡ್ಡ ಕಂಪ್ಯೂಟರುಗಳಿಗೆ ಐಬಿಎಂ 3380ರಂಥ ದುಬಾರಿ ಡಿಸ್ಕು, ಪಿಸಿಗಳಿಗೆ 100 ಮೆಗಾಬೈಟಿನ ಸಣ್ಣ ಅಗ್ಗದ ಡಿಸ್ಕು. ದುಬಾರಿಯ ಒಂದರ ಬದಲು ಅಗ್ಗದ ಹತ್ತಾರನ್ನು ಜೋಡಿಸಿದರೇನು ಎಂಬುದು ಅವರ ಪ್ರಶ್ನೆ. ಲೆಕ್ಕ ಹಾಕಿದಾಗ ತೊಡಕು ಕಂಡಿತು. ಒಂದೊಂದು ಡಿಸ್ಕು ಸರಾಸರಿ 30,000 ಗಂಟೆ ಬಾಳಿದರೂ, 100 ಡಿಸ್ಕುಗಳ ಗುಂಪಿನಲ್ಲಿ ಸುಮಾರು 300 ಗಂಟೆಗೆ ಒಂದಾದರೂ ಕೈಕೊಡುತ್ತದೆ. ಎಂದರೆ ಎರಡು ವಾರವೂ ಇಲ್ಲ! ಹಾಗಾಗಿ ಪ್ರತಿ ಮಾಹಿತಿಗೂ ನಕಲೋ, ಕಳೆದದ್ದನ್ನು ಮತ್ತೆ ಲೆಕ್ಕಹಾಕಿ ಪಡೆಯುವ ಪ್ಯಾರಿಟಿಯೋ ಇರಲೇಬೇಕು. ಇದಕ್ಕೆ ಅವರು ಐದು ವಿಧಾನಗಳನ್ನು ಕೊಟ್ಟರು. ರೇಡ್ ಎಂಬ ಹೆಸರಿನಲ್ಲಿ ಮೊದಲು ‘ಇನೆಕ್ಸ್‌ಪೆನ್ಸಿವ್’, ಅಂದರೆ ಅಗ್ಗದ ಎಂಬ ಪದವಿತ್ತು. ಮುಂದೆ ಆ ಜಾಗಕ್ಕೆ ‘ಇಂಡಿಪೆಂಡೆಂಟ್’ ಬಂದು ಕೂತಿತು. ಮಾರುವ ಸರಕನ್ನು ಅಗ್ಗದ್ದು ಎನ್ನಲು ಯಾರಿಗೆ ತಾನೇ ಇಷ್ಟ?

ನಾನು ಈ ದೇಶಕ್ಕೆ ಬಂದು ಸಿಸ್ಟಮ್ ಅಡ್ಮಿನ್ ಆಗಿ ಸೇರಿದಾಗ ರೇಡ್ ಎರಡು ಬಗೆಯಲ್ಲಿ ಸಿಗುತ್ತಿತ್ತು. ಮೊದಲನೆಯದು ನಿಜವಾದ ಕಾರ್ಡು. ಅದಕ್ಕೆ ತನ್ನದೇ ಪ್ರೊಸೆಸರ್, ಮೆಮೊರಿ, ಕರೆಂಟು ಹೋದಾಗ ಬರೆಯಬೇಕಿದ್ದುದನ್ನು ಉಳಿಸಿಕೊಳ್ಳಲು ಬ್ಯಾಟರಿ. ಹಿಂದೆ ಆರು ಡಿಸ್ಕುಗಳಿದ್ದರೂ ಲಿನಕ್ಸಿಗೆ ಅದು ತೋರಿಸುವುದು ಒಂದನ್ನೇ. ಎರಡನೆಯದು ಪ್ರಾಮಿಸ್, ಹೈಪಾಯಿಂಟ್ ಕಂಪನಿಗಳ ಅಗ್ಗದ ಚಿಪ್ಪುಗಳಿದ್ದ ಬಗೆ. ಪೆಟ್ಟಿಗೆಯ ಮೇಲೆ ರೇಡ್ ಎಂದು ಬರೆದಿದ್ದರೂ ಚಿಪ್ಪು ಸಾಮಾನ್ಯ ಡಿಸ್ಕು ಕಂಟ್ರೋಲರ್ರೇ. ಯಂತ್ರ ಬೂಟ್ ಆಗುವಷ್ಟು ಹೊತ್ತು ಬಯಾಸ್ ಎರಡು ಡಿಸ್ಕುಗಳನ್ನು ಒಂದೆಂದು ತೋರಿಸುತ್ತಿತ್ತು. ಆಮೇಲಿನ ಕೆಲಸವೆಲ್ಲ ವಿಂಡೋಸ್ ಡ್ರೈವರಿನದು.

ಲಿನಕ್ಸ್ ಎಡವುತ್ತಿದ್ದುದು ಇಲ್ಲೇ. ಕರ್ನೆಲ್ ಎದ್ದ ಮೇಲೆ ಬಯಾಸನ್ನು ಕೇಳುವುದಿಲ್ಲ, ನೇರವಾಗಿ ಡಿಸ್ಕುಗಳ ಜೊತೆ ಮಾತಾಡುತ್ತದೆ. ಬಯಾಸ್ ಪರದೆಯಲ್ಲಿ ಒಂದು ಡಿಸ್ಕು ಕಂಡವನಿಗೆ ಇನ್‌ಸ್ಟಾಲರಿನಲ್ಲಿ ಎರಡು ಕಾಣುತ್ತಿದ್ದವು. ಅದರಲ್ಲಿ ಒಂದಕ್ಕೇ ಲಿನಕ್ಸ್ ಹಾಕಿದರೆ ಕನ್ನಡಿಯಂತಿರಬೇಕಾದ ಜೋಡಿ ಬೇರೆ ಬೇರೆಯಾಗುತ್ತಿತ್ತು. ಲಿನಕ್ಸ್ ಬಳಗದವರು ಇದಕ್ಕೆ ‘ಫೇಕ್ ರೇಡ್’ ಎಂದೇ ಹೆಸರಿಟ್ಟರು.

ಉತ್ತರ ಹಂತ ಹಂತವಾಗಿ ಬಂತು. 1996ರ ಕರ್ನೆಲ್ 2.0ರಲ್ಲೇ ಡಿಸ್ಕುಗಳನ್ನು ಜೋಡಿಸುವ ಎಂಡಿ ಡ್ರೈವರ್ ಇತ್ತು. 2001ರಲ್ಲಿ ಬಂದ 2.4ರ ಹೊತ್ತಿಗೆ ನಕಲು, ಪ್ಯಾರಿಟಿ ಎರಡನ್ನೂ ಕರ್ನೆಲ್ ತಾನೇ ಮಾಡಬಲ್ಲದಾಗಿತ್ತು. ಅದೇ ವರ್ಷ ಆಸ್ಟ್ರೇಲಿಯಾದ ನೀಲ್ ಬ್ರೌನ್ ಅದನ್ನು ನಡೆಸಲು ಬರೆದ ಸಾಧನವೇ ಎಂಡಿಅಡ್ಮ್. ಫೇಕ್ ರೇಡ್ ಡಿಸ್ಕುಗಳನ್ನು ಓದಲು ಹೈಂಜ್ ಮೌಲ್ಸ್‌ಹಾಗೆನ್ 2004ರಲ್ಲಿ ಡಿಎಂರೇಡ್ ಕೊಟ್ಟರು. ಯಾವ ಡಿಸ್ಕು ಯಾವುದರ ಜೋಡಿ, ಯಾವ ಕ್ರಮದಲ್ಲಿ ಎಂಬ ಟಿಪ್ಪಣಿ, ಅಂದರೆ ಮೆಟಾಡೇಟಾ, ಸಾಮಾನ್ಯವಾಗಿ ಡಿಸ್ಕಿನ ಕೊನೆಯಲ್ಲಿರುತ್ತದೆ. ಒಂದೊಂದು ಕಂಪನಿಗೆ ಒಂದೊಂದು ಲಿಪಿ. ಡಿಎಂರೇಡ್ ಆ ಲಿಪಿಗಳನ್ನು ಓದಲು ಕಲಿತಿತ್ತು. 2009ರ ಎಂಡಿಅಡ್ಮ್ 3.0 ಇಂಟೆಲ್ ಲಿಪಿಯನ್ನೂ, ಉದ್ಯಮದವರು ಒಪ್ಪಿ ರೂಪಿಸಿದ ಡಿಡಿಎಫ್ ಎಂಬ ಸಾಮಾನ್ಯ ಲಿಪಿಯನ್ನೂ ಸೇರಿಸಿಕೊಂಡಿತು.

ಹಾಗಾದರೆ ನಿಜವಾದ ಕಾರ್ಡು ಕೊಂಡವರು ನಿಶ್ಚಿಂತರೇ? ನಾನಿದ್ದ ಒಂದು ಕಚೇರಿಯಲ್ಲಿ ಅಂಥ ಕಾರ್ಡೇ ಸುಟ್ಟುಹೋಯಿತು. ಡಿಸ್ಕು ಒಂದೂ ಕೆಟ್ಟಿರಲಿಲ್ಲ, ಒಂದು ಬೈಟೂ ಅಳಿದಿರಲಿಲ್ಲ. ಆದರೆ ಅದರ ಲಿಪಿ ಗೊತ್ತಿದ್ದುದು ಆ ಕಾರ್ಡಿಗೆ ಮಾತ್ರ, ಆ ಮಾಡೆಲ್ ಮಾರುಕಟ್ಟೆಯಿಂದ ಮರೆಯಾಗಿತ್ತು. ಯಾರೋ ಬಳಸಿ ಬಿಟ್ಟ ಅದೇ ಮಾಡೆಲಿನ ಕಾರ್ಡು ಸಿಗುವವರೆಗೆ ಎಂಟು ದಿನ, ಕೈಯಲ್ಲಿ ಡಿಸ್ಕುಗಳಿದ್ದೂ ಲೆಕ್ಕಪತ್ರವಿಲ್ಲದೆ ಕೂತಿದ್ದೆವು. ಪೆಟ್ಟಿಗೆ ಮನೆಯಲ್ಲಿದೆ, ಕೀಲಿಕೈ ಪರವೂರಿನಲ್ಲಿದೆ ಎಂದ ಹಾಗೆ.

ಡಿಸ್ಕು ಕೆಟ್ಟರೆ ಏನು ಮಾಡಬೇಕೆಂದು ಬರ್ಕ್ಲಿಯ ಮೂವರು ಹೇಳಿಕೊಟ್ಟರು. ಕಾರ್ಡು ಕೆಟ್ಟರೆ, ಕಂಪನಿ ಮುಚ್ಚಿದರೆ ಏನು ಮಾಡಬೇಕೆಂಬುದಕ್ಕೆ ಉತ್ತರ ತೆರೆದ ಲಿಪಿಯಿಂದ ಬಂತು. ಎಂಡಿ ಜೋಡಿಸಿದ ಡಿಸ್ಕುಗಳನ್ನು ಇನ್ನೊಂದು ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿದರೆ ಅದು ಗುರುತು ಹಿಡಿದು ಓದುತ್ತದೆ, ಯಾವ ಕಂಪನಿಯ ಅಪ್ಪಣೆಯೂ ಬೇಡ. ಕಾರ್ಡಿನ ಬ್ಯಾಟರಿ, ವೇಗ ಬೇಕಾದ ಕಡೆ ಅದನ್ನೇ ಬಳಸಿ, ತಪ್ಪಿಲ್ಲ. ಆದರೆ ಅದೇ ಮಾಡೆಲಿನ ಇನ್ನೊಂದನ್ನು ಕಪಾಟಿನಲ್ಲಿಡಿ.

ನಮ್ಮ ಸಂಘದ ಸರ್ವರಿಗೆ ಡಿಸ್ಕು ಕೊಳ್ಳುವ ಸಮಿತಿಯವರಲ್ಲಿ ನನ್ನ ಬಿನ್ನಹ ಎರಡೇ. ಒಂದು, ರೇಡ್ ಎಂದರೆ ಬ್ಯಾಕಪ್ ಅಲ್ಲ. ಯಾರಾದರೂ ಕೈತಪ್ಪಿ ನಾಟಕವೊಂದನ್ನು ಅಳಿಸಿದರೆ ಎರಡೂ ಡಿಸ್ಕಿನಿಂದ ಅದು ಒಟ್ಟಿಗೇ ಅಳಿಯುತ್ತದೆ. ಇನ್ನೊಂದು ಪ್ರತಿ ಇನ್ನೊಂದು ಊರಿನಲ್ಲಿರಲಿ. ಎರಡು, ಮಾರುವವರನ್ನು ಎಷ್ಟು ಟೆರಾಬೈಟು ಎಂದು ಕೇಳುವ ಮೊದಲು, ಈ ಪೆಟ್ಟಿಗೆ ಕೆಟ್ಟರೆ ಡಿಸ್ಕುಗಳನ್ನು ಬೇರೆ ಯಾವ ಯಂತ್ರ ಓದುತ್ತದೆ ಎಂದು ಕೇಳಿ. ಮೊದಲ ತಲೆಮಾರಿನವರು ವಾರಾಂತ್ಯಗಳಲ್ಲಿ ಬಣ್ಣ ಹಚ್ಚಿ ಆಡಿದ ನಾಟಕಗಳನ್ನು ಮೊಮ್ಮಕ್ಕಳು ನೋಡಬೇಕಾದರೆ ಈ ಪ್ರಶ್ನೆಗೆ ಉತ್ತರ ನಮ್ಮಲ್ಲಿರಬೇಕು.