ಮಾತೆಯರ ಪುನರಧ್ಯಯನ: ಜಮಖಂಡಿ ಸೀಮೆಯ ವಿದ್ಯಾಚರಿತ್ರೆಯಲ್ಲಿ ಒಂದು ಅಧ್ಯಾಯ

ವಿದ್ಯಾರ್ಜನೆಗೆ ವಯೋಮಿತಿಯಿಲ್ಲವೆಂಬುದು ಶರಣಧರ್ಮಕ್ಕೆ ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಶಿವಶರಣೆಯರು ವಚನಗಳನ್ನು ರಚಿಸಿದರು. ಅವರಲ್ಲಿ ಅಕ್ಕನಾಗಮ್ಮನವರು ಚೆನ್ನಬಸವಣ್ಣನವರ ಹೆತ್ತ ತಾಯಿ. ಕದಿರ ರೆಮ್ಮವ್ವೆಯವರು ನೂಲುವ ಕಾಯಕದವರು. ತಾಯ್ತನವಾಗಲಿ ಕಾಯಕವಾಗಲಿ ಅವರ ಅರಿವಿಗೆ ಅಡ್ಡಬರಲಿಲ್ಲ. ಕಾಲಾಂತರದಲ್ಲಿ ಈ ಸಂಪ್ರದಾಯವು ಕ್ಷೀಣಿಸಿ, ತಾಯಿಯಾದವಳ ಕೈಗೆ ಪುಸ್ತಕವು ಸಲ್ಲದೆಂಬ ಭಾವನೆಯು ಬೇರೂರಿತು.

ಈ ಸೀಮೆಯ ಸ್ಥಿತಿಯಂತೂ ಇನ್ನೂ ಕಠಿನವಾಗಿತ್ತು. 1948ರ ವಿಲೀನದವರೆಗೆ ಜಮಖಂಡಿಯು ಪಟವರ್ಧನರ, ಮುಧೋಳವು ಘೋರ್ಪಡೆಯವರ ಸಂಸ್ಥಾನಗಳಾಗಿದ್ದವು. ರಬಕವಿಯು ಸಾಂಗಲಿಗೆ ಸೇರಿತ್ತು. ಬೀಳಗಿಯು ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ಸಂಸ್ಥಾನಗಳ ದರ್ಬಾರಿನಲ್ಲಿ ಮರಾಠಿಗೇ ಮನ್ನಣೆ. ಅದರ ಮೇಲೆ ಬಾಲ್ಯವಿವಾಹ. 1929ರ ಶಾಸನವು ಕನ್ಯೆಯ ವಿವಾಹವಯಸ್ಸನ್ನು ಕೇವಲ 14 ವರ್ಷವೆಂದು ಗೊತ್ತುಪಡಿಸಿತು. ಅದು 18 ವರ್ಷಕ್ಕೇರಿದುದು 1978ರಲ್ಲಿ. ಆದುದರಿಂದ ಅನೇಕ ಹೆಣ್ಣುಮಕ್ಕಳ ಓದು ನಿಂತದ್ದು ಬುದ್ಧಿಯ ಕೊರತೆಯಿಂದಲ್ಲ, ಲಗ್ನದ ಮುಹೂರ್ತದಿಂದ.

ಇಂತಹ ಅಡ್ಡಿಗಳನ್ನು ದಾಟಿದ ಮಹನೀಯೆಯೊಬ್ಬರು ನೆರೆಯ ಸೊಲ್ಲಾಪುರದಲ್ಲಿದ್ದರು. 1912ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರು ಸಾಲೆಯಲ್ಲಿ ಕಲಿತದ್ದು ಮರಾಠಿ. ಎಳೆವಯಸ್ಸಿನಲ್ಲಿಯೇ ಸಂಸಾರವನ್ನು ಹೊತ್ತ ಬಳಿಕ ಸ್ವಪ್ರಯತ್ನದಿಂದ ಕನ್ನಡವನ್ನು ಸಾಧಿಸಿ, ಸಿದ್ಧರಾಮೇಶ್ವರರ ಚರಿತ್ರೆಯನ್ನು ತ್ರಿಪದಿಯಲ್ಲಿ ಮಹಾಕಾವ್ಯವಾಗಿ ರಚಿಸಿದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವನ್ನೇರಿದ ಪ್ರಥಮ ಮಹಿಳೆಯೂ ಅವರೇ. ಆದರೆ ಅಸಾಧಾರಣರು ತಾವೇ ದಾರಿ ಮಾಡಿಕೊಳ್ಳುವರು. ಸಾಧಾರಣ ಗೃಹಿಣಿಗೆ ದಾರಿಯನ್ನು ಸಮಾಜವೇ ಮಾಡಿಕೊಡಬೇಕು.

ಆ ದಾರಿಯು ಮೆಲ್ಲಮೆಲ್ಲನೆ ಹತ್ತಿರವಾಯಿತು. ಮುಂಬಯಿಯಲ್ಲಿ 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಧಾರವಾಡಕ್ಕೆ ಬಂದಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠಗಳನ್ನು ಕಳುಹಿಸತೊಡಗಿತು. ಅದೇ ಏರ್ಪಾಡು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಮನೆಯನ್ನು ಬಿಡಲಾರದ ತಾಯಿಗೆ ಇದೊಂದು ದೊಡ್ಡ ಆಸರೆ. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾನಿಲಯವು ತೆರೆದು, 2017ರಲ್ಲಿ ಅಕ್ಕಮಹಾದೇವಿಯವರ ನಾಮವನ್ನು ಧರಿಸಿತು. 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವು ಜಮಖಂಡಿಯಲ್ಲಿಯೇ ನೆಲೆಗೊಂಡಿತು.

ಹೀಗೆ ಹತ್ತಿರ ಬಂದ ಬಾಗಿಲು ಸ್ಥಿರವಾಗಿರುವುದೆಂದು ನಂಬುವಂತಿಲ್ಲ. 2015ರಲ್ಲಿ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯು ರದ್ದಾಗಿ 2018ರಲ್ಲಿ ಮರಳಿತು. ಆ ನಡುವೆ ವಿದ್ಯಾರ್ಥಿಗಳು ಪಟ್ಟ ಕಳವಳವು ಸಾಮಾನ್ಯವಲ್ಲ. 2025ರಲ್ಲಿ ಸಂಪುಟ ಉಪಸಮಿತಿಯು ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಸಲಹೆಯಿತ್ತಾಗ ಬಾಗಲಕೋಟೆಯ ಹೆಸರೂ ಅದರಲ್ಲಿತ್ತು. ತರುಣನಾದರೆ ಬೇರೆ ಊರಿಗೆ ಹೋಗಿ ಓದುವನು. ರಬಕವಿ-ಬನಹಟ್ಟಿಯಲ್ಲಿ ಮಗ್ಗಕ್ಕೆ ಕಂಡಿಕೆ ಸುತ್ತುತ್ತ, ಮುಧೋಳದಲ್ಲಿ ಕಬ್ಬಿನ ಹೊಲದ ಕೆಲಸ ತೀರಿಸಿ ಮಕ್ಕಳನ್ನು ಸಾಲೆಗೆ ಕಳುಹಿಸುವ ತಾಯಿ ಎಲ್ಲಿಗೆ ಹೋದಾಳು?

ಲಿಂಗಾಯತ ಸಮಾಜವು ವಿದ್ಯೆಗಾಗಿ ಮಾಡಿದ ದಾಸೋಹವು ಲೋಕವಿದಿತವಾದುದು. 1906ರಲ್ಲಿ ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ, 1910ರಲ್ಲಿ ಫ. ಗು. ಹಳಕಟ್ಟಿಯವರು ಕಟ್ಟಿದ ಬಿಜಾಪುರದ ವಿದ್ಯಾಸಂಸ್ಥೆ, ಧಾರವಾಡದ ಮುರುಘಾಮಠದ ಪ್ರಸಾದನಿಲಯ — ಇವುಗಳಿಂದ ಸಹಸ್ರಾರು ಬಡಮಕ್ಕಳು ಉದ್ಧಾರವಾದರು. ಆ ಮಕ್ಕಳನ್ನು ರೊಟ್ಟಿಯ ಬುತ್ತಿ ಕಟ್ಟಿ ಕಳುಹಿಸಿದವರು ತಾಯಂದಿರೇ. ಅವರಲ್ಲೊಬ್ಬಳು ಇಂದು ತಾನೇ ಓದಬಯಸಿದರೆ ಅವಳಿಗೆ ಬೇಕಾದುದು ಅಲ್ಪ: ಸಂಜೆಯ ವೇಳೆ ಓದಲೊಂದು ಪ್ರಶಾಂತವಾದ ಕೋಣೆ, ಪರೀಕ್ಷೆಯ ದಿನಗಳಲ್ಲಿ ಕೂಸನ್ನು ನೋಡಿಕೊಳ್ಳುವವರು, ಶುಲ್ಕಕ್ಕೆ ಕೊಂಚ ನೆರವು, ಮನೆಯವರ ಒಪ್ಪಿಗೆ. ಮೊದಲಿನ ಮೂರನ್ನು ಮಠದ ಆವರಣವೇ ಒದಗಿಸಬಲ್ಲುದು. ನಾಲ್ಕನೆಯದು ಭಕ್ತರ ಮನೆಮನೆಯಲ್ಲಿ ಹುಟ್ಟತಕ್ಕದ್ದು.

ಅಕ್ಕನಾಗಮ್ಮನವರ ಸ್ಮರಣೆಯನ್ನು ನಿತ್ಯ ಮಾಡುವ ಸಮಾಜವು, ತನ್ನ ಮನೆಯ ತಾಯಿಯು ಪುಸ್ತಕವನ್ನು ಹಿಡಿದಾಗ ಮುಸುರೆಯ ಪಾತ್ರೆಗಳನ್ನು ತಾನು ತೊಳೆದರೆ, ಅದೂ ಕಾಯಕವೇ, ಅದೂ ದಾಸೋಹವೇ.