ಕೋವಿಯ ನಳಿಕೆಗೊಂದು ಬಿರಡೆ: ತನೆಗಾಶಿಮಾ ದ್ವೀಪದ ಪಾಠ

ಇತಿಹಾಸವೆಂದರೆ ದೊರೆಗಳು, ಯುದ್ಧಗಳು, ಇಸವಿಗಳು ಎಂದೇ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಭಾವಿಸಿದ್ದಾರೆ. ಆದರೆ ಒಂದು ನಾಡಿನ ಇತಿಹಾಸವು ಒಮ್ಮೊಮ್ಮೆ ಹೆಬ್ಬೆರಳು ಗಾತ್ರದ ಕಬ್ಬಿಣದ ತುಂಡಿಗಾಗಿ ಕಾದು ನಿಲ್ಲುವುದೂ ಉಂಟು. ಹದಿನಾರನೆಯ ಶತಮಾನದ ಜಪಾನಿನಲ್ಲಿ ನಡೆದದ್ದು ಇದೇ.

1543ರಲ್ಲಿ ಜಪಾನಿನ ದಕ್ಷಿಣದ ತನೆಗಾಶಿಮಾ ದ್ವೀಪಕ್ಕೆ ಚೀನೀ ಹಡಗೊಂದು ಬಂದು ತಲುಪಿತು. ಅದರಲ್ಲಿ ಪೋರ್ಚುಗೀಸ್ ವ್ಯಾಪಾರಿಗಳಿದ್ದರು. ಅವರ ಕೈಯಲ್ಲಿ ಬತ್ತಿಯಿಂದ ಕಿಡಿ ಮುಟ್ಟಿಸಿ ಹಾರಿಸುವ ಕೋವಿಗಳಿದ್ದವು. ದ್ವೀಪದ ಒಡೆಯ ತೊಕಿತಾಕಾ ಆಗ ಇನ್ನೂ ಹದಿಹರೆಯದವನು. ಆ ಕೋವಿಗಳ ಶಕ್ತಿಯನ್ನು ಕಂಡು ಬೆರಗಾದ ಆತ ಎರಡನ್ನು ಕೊಂಡುಕೊಂಡನು. ಅಂಥದ್ದನ್ನೇ ಮಾಡಿಕೊಡುವಂತೆ ತನ್ನ ಕಮ್ಮಾರರಿಗೆ ಅಪ್ಪಣೆ ಮಾಡಿದನು. ಈ ಕೆಲಸ ಮಾಡಿದ ಕಮ್ಮಾರನ ಹೆಸರು ಯಾಇತಾ ಕಿಂಬೆ ಎಂದು ಪರಂಪರೆ ಹೇಳುತ್ತದೆ. 1606ರಲ್ಲಿ ನಾನ್ಪೊ ಬುನ್ಶಿ ಎಂಬ ಬೌದ್ಧ ಭಿಕ್ಷು ರಚಿಸಿದ ‘ತೆಪ್ಪೊಕಿ’ ಎಂಬ ಗ್ರಂಥದಲ್ಲಿ ಈ ಪ್ರಸಂಗ ದಾಖಲಾಗಿದೆ.

ಜಪಾನಿನ ಕಮ್ಮಾರರು ಸಾಮಾನ್ಯರಲ್ಲ. ಅವರ ಖಡ್ಗಗಳಿಗೆ ದೂರದೂರದ ನಾಡುಗಳಲ್ಲಿ ಬೇಡಿಕೆಯಿತ್ತು. ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಸರಳಿನ ಮೇಲೆ ಸುತ್ತಿ, ಬಡಿದು ಬೆಸೆದು ನಳಿಕೆ ಮಾಡುವುದು ಅವರಿಗೆ ಕಷ್ಟವಾಗಲಿಲ್ಲ. ತೊಡಕು ಬಂದದ್ದು ನಳಿಕೆಯ ಹಿಂಬದಿಯನ್ನು ಮುಚ್ಚುವಲ್ಲಿ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಈ ಬಗೆಯ ಕೋವಿಗೆ ಮದ್ದನ್ನೂ ಗುಂಡನ್ನೂ ಬಾಯಿಯ ಕಡೆಯಿಂದಲೇ ತುಂಬುತ್ತಾರೆ. ಆದರೆ ಸುತ್ತಿ ಮಾಡಿದ ನಳಿಕೆಗೆ ಎರಡು ಬದಿಯೂ ತೆರೆದೇ ಇರುತ್ತದೆ. ಹಿಂಬದಿಗೆ ಭದ್ರವಾದ ಬಿರಡೆ ಬೇಕು. ಮದ್ದು ಉರಿದಾಗ ಹುಟ್ಟುವ ಅನಿಲದ ಒತ್ತಡ ಗುಂಡನ್ನು ಮುಂದಕ್ಕೆ ತಳ್ಳುವಷ್ಟೇ ರಭಸದಿಂದ ಈ ಬಿರಡೆಯನ್ನೂ ಹಿಂದಕ್ಕೆ ತಳ್ಳುತ್ತದೆ. ಬಿರಡೆ ಸಡಿಲವಾಗಿದ್ದರೆ ಅದು ನುಗ್ಗುವುದು ಕೋವಿ ಹಿಡಿದವನ ಮುಖಕ್ಕೇ.

ಹಾಗಾದರೆ ಕಾಯಿಸಿ ಬೆಸೆದುಬಿಟ್ಟರೆ ಸಾಲದೆ ಎಂದು ಕೇಳಬಹುದು. ಬೆಸುಗೆಯೊಳಗೆ ಬಿರುಕು ಉಳಿದರೆ ಹೊರಗಿನಿಂದ ಕಾಣುವುದಿಲ್ಲ. ಅಲ್ಲದೆ ಮದ್ದು ಉರಿದ ಮೇಲೆ ಉಳಿಯುವ ಮಸಿಯೂ ಉಪ್ಪೂ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತವೆ. ಬಿರಡೆಯನ್ನು ಬಿಚ್ಚಲು ಬಂದರೆ ನಳಿಕೆಯನ್ನು ಈ ತುದಿಯಿಂದ ಆ ತುದಿಯವರೆಗೆ ತೊಳೆಯಬಹುದು, ಬೆಳಕಿಗೆ ಹಿಡಿದು ಒಳಮೈ ನೆಟ್ಟಗಿದೆಯೇ ಎಂದು ನೋಡಬಹುದು. ಆದುದರಿಂದ ಬಿರಡೆ ಬಿಗಿಯಾಗಿಯೂ ಇರಬೇಕು, ಬಿಚ್ಚಲೂ ಬರಬೇಕು. ಈ ಎರಡನ್ನೂ ಸಾಧಿಸುವುದು ತಿರುಪು. ಉರ್ದುವಿನಲ್ಲಿ ನಾವು ‘ಚೂಡಿ’ ಎನ್ನುವ ಸುರುಳಿ ಗೆರೆ ಬಿರಡೆಯ ಮೈಮೇಲೂ ನಳಿಕೆಯ ಒಳಗೂ ಒಂದಕ್ಕೊಂದು ಹೊಂದುವಂತೆ ಇರಬೇಕು. ಬಿರಡೆಯ ಮುಂಭಾಗ ಸಂದಿಲ್ಲದಂತೆ ಕೂರಬೇಕು. ಸಂದು ಉಳಿದರೆ ಅಲ್ಲಿ ಮಸಿ ಸೇರುತ್ತದೆ, ಕೆಂಡ ಅಡಗುತ್ತದೆ.

ಜಪಾನಿನ ಕುಲುಮೆಗಳಿಗೆ ಈ ತಿರುಪು ಹೊಸದು. ಹೊರಗಿನ ಚೂಡಿಯನ್ನು ಅರದಿಂದ ಉಜ್ಜಿ ತೆಗೆಯಬಹುದು. ಆದರೆ ನಳಿಕೆಯ ಒಳಗೆ ಅರ ಆಡುವುದಾದರೂ ಹೇಗೆ? ಕಣ್ಣಿಗೆ ಕಂಡದ್ದನ್ನೆಲ್ಲ ನಕಲು ಮಾಡಿದ ಕಮ್ಮಾರ ಕಣ್ಣಿಗೆ ಕಾಣದ ಈ ಭಾಗದಲ್ಲಿ ಸೋತನು. ಮರುವರ್ಷ ವಿದೇಶೀ ವ್ಯಾಪಾರಿಗಳು ಮತ್ತೆ ಬಂದರು. ಅವರ ಜೊತೆ ಒಬ್ಬ ಕಮ್ಮಾರನೂ ಇದ್ದನು. ಆತನಿಂದ ಕಲಿತ ಮೇಲೆಯೇ ಹಿಂಬದಿ ಮುಚ್ಚುವ ವಿದ್ಯೆ ಕೈಗೆ ಬಂದಿತು. ಈ ವಿದ್ಯೆಗಾಗಿ ಕಿಂಬೆ ತನ್ನ ಮಗಳು ವಾಕಾಸಾಳನ್ನು ಪರದೇಶಿಗೆ ಮದುವೆ ಮಾಡಿಕೊಟ್ಟನೆಂಬ ಕಥೆ ಆ ದ್ವೀಪದಲ್ಲಿದೆ. ‘ತೆಪ್ಪೊಕಿ’ಯಲ್ಲಿ ಈ ಮಾತಿಲ್ಲ. ಆದರೆ ಒಂದು ತಿರುಪಿನ ಬೆಲೆ ಎಷ್ಟೆಂದು ಜನ ಭಾವಿಸಿದ್ದರು ಎಂಬುದಕ್ಕೆ ಈ ಕಥೆಯೇ ಸಾಕ್ಷಿ.

ಒಳಚೂಡಿ ತೆಗೆಯಲು ಜಪಾನೀಯರು ಬಳಸಿದ ಒಂದು ಉಪಾಯ ಸರಳವಾದುದು. ಮೊದಲು ಗಂಡು ತಿರುಪನ್ನು ಅರದಿಂದ ಸಿದ್ಧಪಡಿಸಿ, ಕಾಯಿಸಿದ ನಳಿಕೆಯ ತುದಿಯೊಳಗೆ ಇಟ್ಟು ಹೊರಗಿನಿಂದ ಬಡಿಯುವುದು. ಮೆತ್ತಗಾದ ಕಬ್ಬಿಣ ತಿರುಪಿನ ಅಚ್ಚನ್ನು ತಾನೇ ಪಡೆಯುತ್ತದೆ. ವಿದ್ಯೆ ಒಂದೇ ಕಡೆ ನಿಲ್ಲಲಿಲ್ಲ. ಸಕಾಯ್ ಪಟ್ಟಣದ ವರ್ತಕನೊಬ್ಬ ದ್ವೀಪದಲ್ಲಿ ಒಂದೆರಡು ವರ್ಷ ಇದ್ದು ಕಲಿತು ಹೋದನು. ಸಕಾಯ್ ಮತ್ತು ಕುನಿತೊಮೊ ಕೋವಿ ತಯಾರಿಕೆಗೆ ಹೆಸರಾದವು. 1575ರ ನಾಗಶಿನೊ ಯುದ್ಧದಲ್ಲಿ ಈ ಕೋವಿಗಳು ದೊಡ್ಡ ಪ್ರಮಾಣದಲ್ಲಿ ಬಳಕೆಯಾಗಿ ಅಪಾರ ಪ್ರಾಣಹಾನಿಯಾಯಿತು. ಕಲಿತ ವಿದ್ಯೆ ಯಾವುದಕ್ಕೆ ಬಳಕೆಯಾಯಿತೆಂಬುದನ್ನೂ ಇತಿಹಾಸದ ವಿದ್ಯಾರ್ಥಿ ಮರೆಯಬಾರದು.

ಈ ಕಥೆಗೆ ನಮ್ಮ ಕಡೆಯ ನಂಟೂ ಇದೆ. ಜಪಾನಿಗೆ ಹೋದ ಪೋರ್ಚುಗೀಸರು ಗೋವಾ ಮತ್ತು ಮಲಾಕ್ಕಾಗಳನ್ನು ನೆಲೆ ಮಾಡಿಕೊಂಡು ಏಷ್ಯಾದ ಕಡಲಲ್ಲಿ ವ್ಯಾಪಾರ ಮಾಡುತ್ತಿದ್ದವರು. 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾವನ್ನು ಕಸಿದುಕೊಂಡ ಅಲ್ಬುಕರ್ಕ್, ಅಲ್ಲಿನ ಬಂದೂಕು ಕಾರಿಗರು ಯುರೋಪಿನ ಬೊಹೀಮಿಯಾದವರಿಗೆ ಸಮನೆಂದು ತನ್ನ ದೊರೆಗೆ ಬರೆದನು. ತನೆಗಾಶಿಮಾಕ್ಕೆ ತಲುಪಿದ ಕೋವಿಗಳು ಗೋವಾ-ಮಲಾಕ್ಕಾ ಮಾದರಿಯವೆಂದು ಕೆಲವು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಹೆಸರು ಉಳಿಯದ ಆ ಉಸ್ತಾದರ ಕೈಚಳಕವೂ ಸಮುದ್ರ ದಾಟಿರಬಹುದು.

ವಸ್ತುವನ್ನು ಹಣ ಕೊಟ್ಟು ಕೊಳ್ಳಬಹುದು. ಹೊರರೂಪವನ್ನು ನೋಡಿ ನಕಲು ಮಾಡಬಹುದು. ಒಳಗಿನ ಮರ್ಮ ಮಾತ್ರ ಬಲ್ಲವರ ಪಕ್ಕದಲ್ಲಿ ಕುಳಿತು ಕಲಿತರಷ್ಟೇ ಬರುತ್ತದೆ. ಜಗತ್ತು ಮೆಚ್ಚಿದ ಖಡ್ಗ ಮಾಡುತ್ತಿದ್ದ ನಾಡಿನ ಕಮ್ಮಾರ ‘ಇದು ನನಗೆ ಬರುವುದಿಲ್ಲ, ಕಲಿಸಿಕೊಡಿ’ ಎಂದು ಪರದೇಶಿಯ ಮುಂದೆ ನಿಲ್ಲಲು ನಾಚಲಿಲ್ಲ. ನಮ್ಮ ಮಕ್ಕಳಿಗೆ 1543 ಎಂಬ ಇಸವಿಯ ಜೊತೆಗೆ ಈ ಮಾತನ್ನೂ ಕಲಿಸಬೇಕು.