ವಿದ್ಯುನ್ಮಾನ ಪಂಕ್ ಸಂಗೀತ: ಅದರ ಇತಿಹಾಸ ಮತ್ತು ಕಲಾವಿದರ ತಾರುಣ್ಯ

ಸಿಂಥಸೈಜರ್, ತಾಳಯಂತ್ರ, ಟೇಪ್ ರೆಕಾರ್ಡರ್ ಮೊದಲಾದ ವಿದ್ಯುದುಪಕರಣಗಳನ್ನೇ ಪ್ರಧಾನ ವಾದ್ಯಗಳನ್ನಾಗಿ ಮಾಡಿಕೊಂಡು, ಪಂಕ್ ಸಂಗೀತದ ಒರಟುತನ, ಸಂಕ್ಷಿಪ್ತತೆ, ಪ್ರಭುತ್ವವಿರೋಧಗಳನ್ನು ಮಾತ್ರ ಬಿಟ್ಟುಕೊಡದೆ ಬೆಳೆದ ಪಾಶ್ಚಾತ್ಯ ಸಂಗೀತಪ್ರಕಾರ. 1970ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ಮತ್ತು ಆಕ್ರನ್, ಇಂಗ್ಲೆಂಡಿನ ಷೆಫೀಲ್ಡ್ ಮತ್ತು ಲಂಡನ್, ಜರ್ಮನಿಯ ಡ್ಯುಸೆಲ್ಡಾರ್ಫ್ ನಗರಗಳಲ್ಲಿ, ಪ್ರಾರಂಭದಲ್ಲಿ ಬಹುಮಟ್ಟಿಗೆ ಒಬ್ಬರನ್ನೊಬ್ಬರು ಅರಿಯದ ಸಣ್ಣ ತಂಡಗಳಿಂದ ಇದು ಹುಟ್ಟಿತು. ದುಡಿದು ಕೂಡಿಸಿದ ಹಣದಿಂದ ಒಂದೆರಡು ಯಂತ್ರಗಳನ್ನು ಕೊಂಡು, ಅವನ್ನು ಮಲಗುವ ಕೋಣೆಯಲ್ಲೋ ಅಟ್ಟದ ಮೇಲೋ ಹಳೆಯ ಕಾರ್ಯಾಗಾರದಲ್ಲೋ ಇಟ್ಟುಕೊಂಡು, ತಾವೇ ನುಡಿಸಿ ತಾವೇ ಧ್ವನಿಮುದ್ರಿಸಿ, ಅನೇಕ ವೇಳೆ ತಾವೇ ಧ್ವನಿತಟ್ಟೆಗಳನ್ನು ಅಚ್ಚುಹಾಕಿಸಿ ಮಾರಿದ ಈ ಕಲಾವಿದರ ಕೃತಿಗಳಲ್ಲಿ ಅವರ ಬಾಲ್ಯ ಮತ್ತು ತಾರುಣ್ಯದ ಅನುಭವಗಳು ಇತರ ಸಂಗೀತಪ್ರಕಾರಗಳಲ್ಲಿ ಕಾಣದಷ್ಟು ನಿಚ್ಚಳವಾಗಿ ಉಳಿದುಬಂದಿವೆ.

ಈ ಪ್ರಕಾರದ ಇತಿಹಾಸವನ್ನು ಬರೆಯ ಹೊರಟವರು ಯಂತ್ರಗಳ ಇತಿಹಾಸವನ್ನೇ ಬರೆದು ಮುಗಿಸುವುದುಂಟು. ಅದರಲ್ಲಿ ಸತ್ಯವಿಲ್ಲದಿಲ್ಲ, ಆ ದಶಕದಲ್ಲಿ ಜಪಾನಿನ ಕಾರ್ಗ್, ರೋಲೆಂಡ್ ಮೊದಲಾದ ಸಂಸ್ಥೆಗಳು ಸಾಧಾರಣ ಸಂಬಳದವನ ಕೈಗೂ ನಿಲುಕುವ ಬೆಲೆಯ ಸಿಂಥಸೈಜರುಗಳನ್ನು ಮಾರುಕಟ್ಟೆಗೆ ತರದಿದ್ದಲ್ಲಿ ಈ ಸಂಗೀತ ಹುಟ್ಟುತ್ತಿತ್ತೆಂದು ಹೇಳಲಾಗದು. ಆದರೆ ಅದೇ ಯಂತ್ರವನ್ನು ಕೊಂಡ ಸಾವಿರಾರು ಮಂದಿ ಮದುವೆಮನೆಗಳಲ್ಲಿಯೂ ಹೋಟೆಲುಗಳಲ್ಲಿಯೂ ಜನಪ್ರಿಯ ಗೀತೆಗಳನ್ನು ನುಡಿಸಿ ತೃಪ್ತರಾದರೆಂಬುದನ್ನು ನೆನೆದಾಗ, ಕೆಲವರ ಕೈಯಲ್ಲಿ ಮಾತ್ರ ಅದು ಬೇರೆ ದನಿಯಲ್ಲಿ ಏಕೆ ಮಾತನಾಡಿತೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ನ್ಯೂಯಾರ್ಕಿನಲ್ಲಿ ಆಲನ್ ವೇಗ ಮತ್ತು ಮಾರ್ಟಿನ್ ರೆವ್ ಎಂಬಿಬ್ಬರು 1970ರಲ್ಲಿ ಕಟ್ಟಿದ ಸೂಯಿಸೈಡ್ ತಂಡವನ್ನು ಈ ಪ್ರಕಾರದ ಆದಿಯೆಂದು ಸಾಮಾನ್ಯವಾಗಿ ಗಣಿಸಲಾಗುತ್ತದೆ. ರೆವ್ ತಾರುಣ್ಯದಲ್ಲಿ ಜಾಜ್ ಪಿಯಾನೊವಾದಕ ಲೆನಿ ಟ್ರಿಸ್ಟಾನೊ ಎಂಬಾತನಲ್ಲಿ ಪಾಠ ಹೇಳಿಸಿಕೊಂಡವನು. ವೇಗ ಬ್ರೂಕ್ಲಿನ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನೂ ಚಿತ್ರಕಲೆಯನ್ನೂ ಅಭ್ಯಸಿಸಿ, ಬಣ್ಣದ ದೀಪಗಳನ್ನು ಜೋಡಿಸಿ ಶಿಲ್ಪಗಳನ್ನು ರಚಿಸುತ್ತಿದ್ದವನು. 1969ರಲ್ಲಿ ಕ್ವೀನ್ಸ್ ಬಡಾವಣೆಯಲ್ಲಿ ಸ್ಟೂಜಸ್ ತಂಡದ ಕಛೇರಿಯನ್ನು ಕಂಡು, ಗಾಯಕನಿಗೂ ಶ್ರೋತೃಗಳಿಗೂ ನಡುವಣ ಗೋಡೆ ಕುಸಿದುಬಿದ್ದುದನ್ನು ಪ್ರತ್ಯಕ್ಷ ಅನುಭವಿಸಿದ ಮೇಲೆ, ತಾನೂ ವೇದಿಕೆಯನ್ನೇರಲೇಬೇಕೆಂದು ಆತನಿಗೆ ಅನ್ನಿಸಿತಂತೆ. ಈ ವೃತ್ತಾಂತವನ್ನು ತಾರುಣ್ಯದ ಪ್ರಭಾವಕ್ಕೆ ಉದಾಹರಣೆಯಾಗಿ ಎತ್ತಿಕೊಳ್ಳುವವರು ಒಂದು ಸಂಗತಿಯನ್ನು ಮರೆಯಬಾರದು: ವೇಗ 1948ರಲ್ಲಿ ಜನಿಸಿದನೆಂದು ಜಗತ್ತು ಬಹುಕಾಲ ನಂಬಿದ್ದರೂ ಆತನ ನಿಜವಾದ ಜನ್ಮವರ್ಷ 1938, ಎಂದರೆ ಆ ಕಛೇರಿಯ ವೇಳೆಗೆ ಆತನಿಗೆ ಮೂವತ್ತು ದಾಟಿತ್ತು. ಕೆಲವರ ಪಾಲಿಗೆ ತಾರುಣ್ಯ ತಡವಾಗಿ ಬರುತ್ತದೆ. ಅಗ್ಗದ ಆರ್ಗನ್ ಒಂದು, ತಾಳಯಂತ್ರವೊಂದು, ಪಿಸುಮಾತಿನಿಂದ ಒಮ್ಮೆಲೇ ಚೀತ್ಕಾರಕ್ಕೇರುವ ಕಂಠವೊಂದು, ಇಷ್ಟರಿಂದಲೇ ರಚಿತವಾದ ಇವರ ಮೊದಲ ಆಲ್ಬಮ್ 1977ರಲ್ಲಿ ಹೊರಬಂದಿತು. ಮರುವರ್ಷ ಜೂನ್ 16ರಂದು ಬ್ರಸೆಲ್ಸ್ ನಗರದಲ್ಲಿ ಗಾಯಕ ಎಲ್ವಿಸ್ ಕಾಸ್ಟೆಲೊನ ಕಛೇರಿಗೆ ಮುನ್ನ ಇವರು ನುಡಿಸಿದಾಗ ಜನ ಮೈಕನ್ನೇ ಕಸಿದುಕೊಂಡರು. ಆ ಗಲಭೆಯ ಇಪ್ಪತ್ತಮೂರು ನಿಮಿಷಗಳ ಧ್ವನಿಮುದ್ರಿಕೆ ಇಂದು ಈ ಸಂಗೀತದ ಚರಿತ್ರೆಯ ಅಮೂಲ್ಯ ದಾಖಲೆಗಳಲ್ಲೊಂದು.

ಒಂದೇ ಒಂದು ಮಧ್ಯಾಹ್ನ ಒಬ್ಬ ಕಲಾವಿದನ ಬಾಳನ್ನು ಹೇಗೆ ಎರಡಾಗಿ ಸೀಳಬಲ್ಲುದೆಂಬುದಕ್ಕೆ ಡೀವೊ ತಂಡದ ಉದಾಹರಣೆಗಿಂತ ಸ್ಪಷ್ಟವಾದುದು ಮತ್ತೊಂದಿಲ್ಲ. ಒಹಾಯೊದ ಆಕ್ರನ್ ಪಟ್ಟಣ ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್ ಕಾರ್ಖಾನೆಗಳಿಂದ ಟೈರುಗಳ ರಾಜಧಾನಿಯೆನಿಸಿದ್ದಿತು. ಅದರ ಸಮೀಪದ ಕೆಂಟ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ, ಮುಂದೆ ಈ ತಂಡವನ್ನು ಕಟ್ಟಿದ ಜೆರಾಲ್ಡ್ ಕಸಾಲೆ ಮತ್ತು ಮಾರ್ಕ್ ಮದರ್ಸ್‌ಬಾ ವಿದ್ಯಾರ್ಥಿಗಳಾಗಿದ್ದರು. ಕಾಂಬೋಡಿಯದ ಮೇಲಣ ಅಮೆರಿಕದ ಆಕ್ರಮಣವನ್ನು ಪ್ರತಿಭಟಿಸಲು 1970ರ ಮೇ 4ರಂದು ಅಲ್ಲಿ ಸೇರಿದ್ದ ನಿರಾಯುಧ ವಿದ್ಯಾರ್ಥಿಗಳ ಮೇಲೆ ನ್ಯಾಷನಲ್ ಗಾರ್ಡ್ ಪಡೆಯವರು 13 ಸೆಕೆಂಡುಗಳಲ್ಲಿ 67 ಗುಂಡುಗಳನ್ನು ಹಾರಿಸಿದರು. ನಾಲ್ವರು ಸತ್ತರು, ಒಂಬತ್ತು ಮಂದಿ ಗಾಯಗೊಂಡರು. ಸತ್ತವರ ಪೈಕಿ ಆಲಿಸನ್ ಕ್ರೌಸ್ ಮತ್ತು ಜೆಫ್ರಿ ಮಿಲ್ಲರ್ ಇಬ್ಬರೂ ಕಸಾಲೆಗೆ ಪರಿಚಿತರಾಗಿದ್ದರು. ಆತ ಅಂದು ಆ ಮೈದಾನದಲ್ಲೇ ಇದ್ದನು. ಅದುವರೆಗೆ ಗೆಳೆಯರ ನಡುವಣ ವಿನೋದವಾಗಿದ್ದ ಒಂದು ವಾದವನ್ನು, ಮನುಷ್ಯಕುಲ ವಿಕಾಸಹೊಂದುತ್ತಿಲ್ಲ, ಪ್ರತಿಯಾಗಿ ಹಿಂದಕ್ಕೆ ಜಾರುತ್ತಿದೆಯೆಂಬ ವಾದವನ್ನು, ಕಸಾಲೆ ಆಮೇಲೆ ಗಂಭೀರವಾಗಿಯೇ ಹಿಡಿದುಕೊಂಡನು. ತಂಡದ ಹೆಸರೂ ಅದರಿಂದಲೇ ಬಂದಿತು.

ಇಲ್ಲಿ ಗಮನಿಸಬೇಕಾದುದೇನೆಂದರೆ, ಆ ಹತ್ಯಾಕಾಂಡವನ್ನು ಕುರಿತು ಶೋಕಗೀತೆ ಬರೆಯುವ ಮಾರ್ಗವನ್ನು ಡೀವೊ ಹಿಡಿಯಲಿಲ್ಲ. ಅನುಭವದ ವಸ್ತುವನ್ನು ಬಿಟ್ಟು ಅದರ ರೀತಿಯನ್ನು ಅವರು ಸಂಗೀತಕ್ಕೆ ತಂದರು. ಕಾರ್ಖಾನೆಯ ಕೆಲಸಗಾರರು ತೊಡುವ ಹಳದಿ ರಕ್ಷಾಕವಚಗಳನ್ನು ಎಲ್ಲರೂ ಸಮನಾಗಿ ತೊಟ್ಟು, ಕವಾಯತಿನಂತೆ ಜರ್ಕು ಜರ್ಕಾಗಿ ಚಲಿಸಿ, ಆಜ್ಞೆಯನ್ನು ಪಾಲಿಸುವ ಯಂತ್ರಮಾನವನ ಅಣಕವನ್ನು ವೇದಿಕೆಯ ಮೇಲೆ ಆಡಿತೋರಿಸಿದರು. ಹುಟ್ಟಿನಿಂದಲೇ ತೀವ್ರ ದೃಷ್ಟಿದೋಷವಿದ್ದು, ಕನ್ನಡಕ ಬಂದ ದಿನದಿಂದ ಲೋಕವನ್ನು ಹೊಸದಾಗಿ ಕಂಡ ಮದರ್ಸ್‌ಬಾನ ಚಿತ್ರರಚನೆಯ ಗೀಳೂ ಈ ವೇಷಭೂಷಣಗಳಿಗೆ ಒದಗಿಬಂದಿತು. 1973ರಲ್ಲಿ ವಿಶ್ವವಿದ್ಯಾನಿಲಯದಲ್ಲೇ ಮೊದಲ ಬಾರಿ ನುಡಿಸಿದ ತಂಡ, 1977ರಲ್ಲಿ ಬೂಜಿ ಬಾಯ್ ಎಂಬ ಸ್ವಂತ ಪ್ರಕಾಶನ ಮುದ್ರೆಯಡಿ ಮೊದಲ ತಟ್ಟೆಯನ್ನು ಹೊರತಂದಿತು. ಮರುವರ್ಷದ ಆಲ್ಬಮ್ ಬ್ರಯನ್ ಈನೋ ಮೇಲ್ವಿಚಾರಣೆಯಲ್ಲಿ ದೊಡ್ಡ ಸಂಸ್ಥೆಯಿಂದ ಬಂದಿತು. ಅಲ್ಲಿಂದ ಮುಂದಿನ ಕೀರ್ತಿಯ ಕಥೆ ಪ್ರಸಿದ್ಧವಾಗಿರುವುದರಿಂದ ಇಲ್ಲಿ ಅನವಶ್ಯಕ.

ಷೆಫೀಲ್ಡ್ ನಗರದ ವೃತ್ತಾಂತ ಇದಕ್ಕಿಂತ ನಿಧಾನವಾದದ್ದು, ಹೆಚ್ಚು ಬೋಧಪ್ರದವಾದದ್ದು. ಡಾನ್ ನದಿಯ ಕಣಿವೆಯ ಉಕ್ಕಿನ ಕಾರ್ಖಾನೆಗಳಲ್ಲಿ ಹಗಲಿರುಳೆನ್ನದೆ ಬೀಳುತ್ತಿದ್ದ ಉಗಿಸುತ್ತಿಗೆಗಳ ಸದ್ದು ಬೆಟ್ಟಗಳ ನಡುವಣ ಆ ಊರಿನ ಮಕ್ಕಳಿಗೆ ಜೋಗುಳದಂತೆ ರೂಢಿಯಾಗಿತ್ತು. ಈ ಊರಿನಲ್ಲಿ ಕ್ರಿಸ್ ವಾಟ್ಸನ್ ಎಂಬ ಹುಡುಗನಿಗೆ ಹನ್ನೊಂದು ಹನ್ನೆರಡರ ಪ್ರಾಯದಲ್ಲಿ ತಂದೆತಾಯಿಗಳು ಒಂದು ಚಿಕ್ಕ ಟೇಪ್ ರೆಕಾರ್ಡರನ್ನು ಉಡುಗೊರೆಯಾಗಿ ಕೊಟ್ಟರು. ಮನೆಯೊಳಗಿನ ಸದ್ದುಗಳನ್ನೆಲ್ಲ ಹಿಡಿದು ಮುಗಿಸಿದ ಮೇಲೆ, ಆತ ಹಿತ್ತಲಿನಲ್ಲಿ ಹಕ್ಕಿಗಳಿಗೆ ಕಾಳು ಹಾಕುವ ಮಣೆಯ ಮೇಲೆ ಯಂತ್ರವನ್ನಿಟ್ಟು ಚಾಲೂ ಮಾಡಿ, ಒಳಗೋಡಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಂತನು. ಹಕ್ಕಿಗಳು ಬಂದು ಕುಕ್ಕಿ ಹೋದ ನಂತರ ಟೇಪನ್ನು ತಿರುಗಿಸಿ ಕೇಳಿದಾಗ, ತಾನು ಬಳಿಯಲ್ಲಿದ್ದರೆ ಎಂದೂ ಕೇಳಲಾಗದಿದ್ದ ಒಂದು ಲೋಕದ ಶಬ್ದ, ಕೊಕ್ಕಿನ ಬಡಿತ, ರೆಕ್ಕೆಯ ಪಟಪಟ, ಆತನಿಗೆ ದೊರೆಯಿತು. ಮನುಷ್ಯ ಹಾಜರಿಲ್ಲದೆಡೆಯ ಸದ್ದನ್ನು ಯಂತ್ರದ ಮೂಲಕ ಕದ್ದು ಕೇಳುವ ಈ ಕುತೂಹಲವೇ ಆತನ ಸಮಸ್ತ ಕೃಷಿಯ ಬೀಜವೆಂದರೆ ಅತಿಶಯೋಕ್ತಿಯಾಗದು.

ದೂರವಾಣಿ ತಂತ್ರಜ್ಞನಾಗಿ ಉದ್ಯೋಗಕ್ಕೆ ಸೇರಿದ ವಾಟ್ಸನ್, ರಿಚರ್ಡ್ ಎಚ್. ಕರ್ಕ್ ಮತ್ತು ಸ್ಟೀಫನ್ ಮ್ಯಾಲಿಂಡರ್ ಎಂಬ ಗೆಳೆಯರೊಂದಿಗೆ 1973ರಲ್ಲಿ ತನ್ನ ಅಟ್ಟದ ಮೇಲೆ ಟೇಪುಗಳನ್ನು ಕತ್ತರಿಸಿ ಅಂಟಿಸುವ ಪ್ರಯೋಗಗಳನ್ನು ಆರಂಭಿಸಿದನು. 1916ರಲ್ಲಿ ಜ್ಯೂರಿಕ್ ನಗರದ ದಾದಾ ಕಲಾವಿದರು ನಡೆಸುತ್ತಿದ್ದ ಕ್ಯಾಬರೆ ವೋಲ್ಟೇರ್ ಎಂಬ ರಂಗಸ್ಥಳದ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡರು. ಕರ್ಕ್ ಮತ್ತು ಮ್ಯಾಲಿಂಡರ್ ಹದಿಹರೆಯದಲ್ಲಿ ಕರಿಯರ ಸೋಲ್ ಸಂಗೀತಕ್ಕೂ ಜಮೈಕಾದ ಲಯಗಳಿಗೂ ಕುಣಿದು ಬೆಳೆದವರು. ಆದುದರಿಂದಲೇ ಇವರ ಶಬ್ದರಾಶಿ ಎಷ್ಟೇ ಕರ್ಕಶವಾದರೂ ಅದರ ತಳದಲ್ಲಿ ನರ್ತನಯೋಗ್ಯವಾದ ತಾಳವೊಂದು ಬಿಡದೆ ನಡೆಯುತ್ತದೆ. ಈ ಅಂಶವನ್ನು ಲಕ್ಷಿಸದೆ ಇವರನ್ನು ಕೇವಲ ಗದ್ದಲಪ್ರಿಯರೆಂದು ತಳ್ಳಿಹಾಕಿದ ವಿಮರ್ಶಕರು ಕಿವಿಗೊಟ್ಟು ಕೇಳಲಿಲ್ಲವೆಂದೇ ಹೇಳಬೇಕು. 1975ರ ಮೇ 13ರಂದು ಷೆಫೀಲ್ಡ್ ವಿಶ್ವವಿದ್ಯಾನಿಲಯದಲ್ಲಿ ನಡೆದ ಪ್ರಥಮ ಕಛೇರಿಯಲ್ಲಿ ಡ್ರಮ್ಮಿನ ಸ್ಥಾನದಲ್ಲಿ ಉಗಿಸುತ್ತಿಗೆಯ ಸದ್ದಿನ ಟೇಪೊಂದು ಸುತ್ತುತ್ತಿತ್ತು. ರಾಕ್ ಸಂಗೀತವನ್ನು ನಿರೀಕ್ಷಿಸಿ ಬಂದಿದ್ದ ಜನ ರೊಚ್ಚಿಗೆದ್ದು ವೇದಿಕೆಗೆ ನುಗ್ಗಿದರು, ಮ್ಯಾಲಿಂಡರ್ ಬೆನ್ನಿಗೆ ಪೆಟ್ಟುಬಿದ್ದು ಆಸ್ಪತ್ರೆ ಸೇರಿದನು. ಊರವರು ದಿನವೂ ಸಹಿಸಿಕೊಂಡಿದ್ದ ಸದ್ದೇ ಸಂಗೀತವೆಂಬ ಹೆಸರಿನಲ್ಲಿ ಎದುರಾದಾಗ ಅವರಿಗೆ ಅಸಹ್ಯವಾದುದು ವಿಚಿತ್ರವಾದರೂ ನಿಜ.

ಮುಂದೆ ಈ ತಂಡ ವೆಸ್ಟರ್ನ್ ವರ್ಕ್ಸ್ ಎಂಬ ಹಳೆಯ ಕಟ್ಟಡದಲ್ಲಿ ಸ್ವಂತ ಧ್ವನಿಮುದ್ರಣಶಾಲೆಯನ್ನು ಸ್ಥಾಪಿಸಿಕೊಂಡಿತು. ಲಂಡನ್ನಿನ ರಫ್ ಟ್ರೇಡ್ ಸಂಸ್ಥೆ 1978ರಲ್ಲಿ ಇವರ ಮೊದಲ ತಟ್ಟೆಯನ್ನು ಪ್ರಕಟಿಸಿತು. ಗಂಟೆಗಿಷ್ಟೆಂದು ಬಾಡಿಗೆ ತೆರಬೇಕಾದ ಸ್ಟುಡಿಯೊದಲ್ಲಿ ಅನುಭವಿ ನಿರ್ಮಾಪಕನೊಬ್ಬ ಮೊದಲು ಒರೆಸಿಹಾಕುತ್ತಿದ್ದುದು ಇವರ ಟೇಪುಗಳ ಗೊರಗೊರ ಸದ್ದನ್ನೇ. ಸ್ವಂತ ಕೋಣೆಯಲ್ಲಿ ಹಾಗೆ ಒರೆಸುವವರಾರೂ ಇರಲಿಲ್ಲ. ಸ್ವಾತಂತ್ರ್ಯವೆಂಬುದು ಈ ಕಲಾವಿದರಿಗೆ ಬರಿಯ ಆದರ್ಶವಾಗಿರದೆ, ಬಾಲ್ಯದಲ್ಲಿ ಕಿವಿಗೆ ಬಿದ್ದ ಶಬ್ದವನ್ನು ಕೆಡಿಸದೆ ಉಳಿಸಿಕೊಳ್ಳುವ ಏಕೈಕ ಉಪಾಯವಾಗಿತ್ತು. 1981ರಲ್ಲಿ ತಂಡವನ್ನು ಬಿಟ್ಟು ಟೈನ್ ಟೀಸ್ ಟೆಲಿವಿಷನ್ ಸೇರಿದ ವಾಟ್ಸನ್ ಕ್ರಮೇಣ ವನ್ಯಜೀವಿಗಳ ಧ್ವನಿಮುದ್ರಕನಾಗಿ ವಿಶ್ವಖ್ಯಾತಿ ಪಡೆದು, ಡೇವಿಡ್ ಅಟೆನ್‌ಬರೊ ನಿರೂಪಿಸಿದ ಪಕ್ಷಿಜೀವನ ಕುರಿತ ಬಿ.ಬಿ.ಸಿ. ಸರಣಿಗೆ ಹಕ್ಕಿಗಳ ದನಿಗಳನ್ನು ಹಿಡಿದುಕೊಟ್ಟನು.

ಇದೇ ನಗರದ ಹ್ಯೂಮನ್ ಲೀಗ್ ತಂಡದ ಸ್ಥಾಪಕರಾದ ಮಾರ್ಟಿನ್ ವೇರ್ ಮತ್ತು ಇಯನ್ ಕ್ರೇಗ್ ಮಾರ್ಷ್ ಕಂಪ್ಯೂಟರ್ ಚಾಲಕರಾಗಿ ದುಡಿಯುತ್ತಿದ್ದವರು. ಮೀಟ್‌ವಿಸಲ್ ಎಂಬ ತರುಣರ ನಾಟಕಶಾಲೆ ನಗರಸಭೆಯ ನೆರವಿನಿಂದ ನಡೆಯುತ್ತಿದ್ದು, ಇವರಿಗೆ ಸಹವಾಸವನ್ನೂ ಸಲಿಗೆಯನ್ನೂ ಒದಗಿಸಿತ್ತು. ಉಗಿಸುತ್ತಿಗೆಯನ್ನು ಹಾಡಿಹೊಗಳುವ ಇತಿಹಾಸಕಾರರು ನಗರಸಭೆಯ ಈ ಉಪಕಾರವನ್ನು ಸ್ಮರಿಸುವುದು ಕಡಿಮೆ.

ಲಂಡನ್ನಿನ ಡೇನಿಯಲ್ ಮಿಲ್ಲರ್ 1951ರಲ್ಲಿ ಜನಿಸಿದವನು. ಆತನ ತಂದೆತಾಯಿಗಳು ನಾಜಿಗಳಿಂದ ತಪ್ಪಿಸಿಕೊಂಡು ಬಂದ ಆಸ್ಟ್ರಿಯದ ಯೆಹೂದಿ ನಟರು. ತಂದೆ ಮಾರ್ಟಿನ್ ಮಿಲ್ಲರ್ 1940ರ ಏಪ್ರಿಲ್ 1ರಂದು ಬಿ.ಬಿ.ಸಿ.ಯಲ್ಲಿ ಹಿಟ್ಲರನ ಭಾಷಣವನ್ನು ಅಣಕಿಸಿ ಹೆಸರಾಗಿದ್ದನು. ಶಾಲೆಯ ದಿನಗಳಲ್ಲಿ ಗಿಟಾರನ್ನು ಹಿಡಿದು ಬೆರಳು ಪಳಗದೆ ಬೇಸತ್ತಿದ್ದ ಮಿಲ್ಲರ್, ಗಿಲ್ಡ್‌ಫರ್ಡ್ ಕಲಾಶಾಲೆಯಲ್ಲಿ ಚಲನಚಿತ್ರವನ್ನು ಅಭ್ಯಸಿಸಿ, ಸಂಕಲನ ಸಹಾಯಕನಾಗಿ ಹೆಚ್ಚುವೇಳೆ ದುಡಿದ ಹಣದಿಂದ ಕಾರ್ಗ್ 700ಎಸ್ ಸಿಂಥಸೈಜರನ್ನೂ ನಾಲ್ಕು ಪಥಗಳ ಟೇಪ್ ಯಂತ್ರವನ್ನೂ ಕೊಂಡನು. ಜೆ. ಜಿ. ಬಲಾರ್ಡನ 'ಕ್ರ್ಯಾಷ್' ಕಾದಂಬರಿಯನ್ನು ಆಧರಿಸಿ ಚಿತ್ರಕಥೆ ಬರೆಯುವ ಪ್ರಯತ್ನ ಕೈಗೂಡದಿರಲಾಗಿ, ಅದರ ಸಾರವನ್ನೆಲ್ಲ ಒಂದು ಚಿಕ್ಕ ಹಾಡಿಗೆ ಇಳಿಸಿ, 1978ರಲ್ಲಿ ದಿ ನಾರ್ಮಲ್ ಎಂಬ ಹೆಸರಿನಲ್ಲಿ ಪ್ರಕಟಿಸಿದನು. 500 ಪ್ರತಿಗಳು ಸಾಕೆಂದುಕೊಂಡಿದ್ದವನಿಗೆ ರಫ್ ಟ್ರೇಡ್ ಅಂಗಡಿಯವರು 2000 ಪ್ರತಿ ಹಾಕಿಸುವಂತೆ ಹೇಳಿದರು. ಈ ಒಂದು ತಟ್ಟೆಗಾಗಿ ಹುಟ್ಟಿದ ಮ್ಯೂಟ್ ಎಂಬ ಮುದ್ರೆ ಅನಂತರ ಇತರರಿಗೂ ಆಶ್ರಯವಾಯಿತು. ಡ್ಯುಸೆಲ್ಡಾರ್ಫಿನ ಡಿ.ಎ.ಎಫ್. ತಂಡದ 1980ರ ಆಲ್ಬಮ್ ಮ್ಯೂಟ್ ಪ್ರಕಟಿಸಿದ ಮೊದಲ ಆಲ್ಬಮ್. ಆ ತಂಡದ ಗಾಯಕ ಗಾಬಿ ಡೆಲ್ಗಾಡೊ ಸ್ಪೇನಿನ ಕಾರ್ಡೊಬದಲ್ಲಿ ಹುಟ್ಟಿ, ವಲಸೆ ಕಾರ್ಮಿಕರ ಮಗನಾಗಿ ಎಂಟರ ಪ್ರಾಯದಲ್ಲಿ ಜರ್ಮನಿಗೆ ಬಂದವನು. ತಾಯ್ನುಡಿಯಲ್ಲದ ಭಾಷೆಯ ಶಬ್ದಗಳನ್ನು ಆತ ಭಯವಿಲ್ಲದೆ ಎಸೆದಾಡಿದ ರೀತಿಗೆ ಆ ಪರಕೀಯತೆಯೇ ಕಾರಣವಿರಬೇಕು.

ಎರಡು ದಶಕಗಳ ತರುವಾಯ ಅಮೆರಿಕದಲ್ಲಿ ಕ್ಯಾಥ್ಲೀನ್ ಹ್ಯಾನಾ, ಬಿಕಿನಿ ಕಿಲ್ ಎಂಬ ಗಿಟಾರ್ ತಂಡದ ಗಾಯಕಿ, 1998ರಲ್ಲಿ ತನ್ನ ವಸತಿಯಲ್ಲೇ ಅಗ್ಗದ ತಾಳಯಂತ್ರದೊಡನೆ 'ಜೂಲಿ ರುಯಿನ್' ಎಂಬ ಆಲ್ಬಮನ್ನು ಏಕಾಂಗಿಯಾಗಿ ಮುದ್ರಿಸಿದಳು. ಹದಿಹರೆಯದ ಹುಡುಗಿಯರು ತಮ್ಮ ಕೋಣೆಯಲ್ಲಿ ಕುಳಿತು ಬರೆದು ಹಾಡಿ ಬಚ್ಚಿಡುವ ಸೃಷ್ಟಿ ಹೊರಗೆ ಬರುವುದೇ ಇಲ್ಲವೆಂಬ ಅರಿವು ಈ ಕೃತಿಯ ಪ್ರೇರಣೆ. ಅದನ್ನು ವೇದಿಕೆಗೆ ತರುವ ಯತ್ನದಿಂದ ಲ ಟೀಗ್ರ್ ತಂಡ ಜನಿಸಿತು. ಪುರುಷರ ಚರಿತ್ರೆಯೇ ತುಂಬಿರುವ ಈ ಪ್ರಕಾರಕ್ಕೆ ಈ ಕೋಣೆ ಬಹಳ ತಡವಾಗಿ ಸೇರಿತೆಂಬುದು ಖೇದಕರ.

ಬರ್ಲಿನ್ ನಗರದಲ್ಲಿ 1972ರಲ್ಲಿ ಜನಿಸಿದ ಅಲೆಕ್ ಎಂಪೈರ್, ಆ ನಗರವನ್ನು ಇಬ್ಭಾಗಿಸಿದ್ದ ಗೋಡೆಯ ಪಶ್ಚಿಮಭಾಗದಲ್ಲಿ, ಶಸ್ತ್ರಧಾರಿ ಕಾವಲುಗಾರರನ್ನು ನೋಡುತ್ತ ಶಾಲೆಗೆ ನಡೆದು ಬೆಳೆದವನು. ಆತನ ಅಜ್ಜ ನಾಜಿ ಸೆರೆಶಿಬಿರದಲ್ಲಿ ಮಡಿದಿದ್ದನು. ಹನ್ನೆರಡನೆಯ ವಯಸ್ಸಿಗೇ ಪಂಕ್ ತಂಡ ಕಟ್ಟಿ, ಹದಿನಾರರ ವೇಳೆಗೆ ಪಂಕ್ ಸತ್ತಿತೆಂದು ಅದನ್ನು ತೊರೆದ ಈತ, ಜರ್ಮನಿಯ ಏಕೀಕರಣದ ತರುವಾಯ ರೋಸ್ಟಾಕ್ ಮೊದಲಾದ ಊರುಗಳಲ್ಲಿ ವಲಸಿಗರ ಮೇಲೆ ನಡೆದ ದಾಳಿಗಳನ್ನು ಕಂಡು, 1992ರಲ್ಲಿ ಅಟಾರಿ ಟೀನೇಜ್ ರಯಟ್ ತಂಡವನ್ನು ಸ್ಥಾಪಿಸಿದನು. ದೊಡ್ಡ ಸಂಸ್ಥೆಯೊಂದರಿಂದ ಪಡೆದ ಮುಂಗಡ ಹಣವನ್ನು ಬಳಸಿಕೊಂಡೇ 1994ರಲ್ಲಿ ಡಿಜಿಟಲ್ ಹಾರ್ಡ್‌ಕೋರ್ ಎಂಬ ಸ್ವತಂತ್ರ ಮುದ್ರೆಯನ್ನು ಆರಂಭಿಸಿದುದು ಈ ಪರಂಪರೆಯ ಸ್ವಭಾವಕ್ಕೆ ತಕ್ಕ ಚೇಷ್ಟೆಯೇ ಸರಿ.

ಕೈಗಾರಿಕೆಗಳು ನಶಿಸಿದ ನಗರಗಳೇ ಈ ಸಂಗೀತವನ್ನು ಹೆತ್ತವೆಂಬ ಪ್ರಚಲಿತ ಸಿದ್ಧಾಂತ ಅರ್ಧಸತ್ಯ ಮಾತ್ರ. ಉಗಿಸುತ್ತಿಗೆಯ ಸದ್ದನ್ನು ಷೆಫೀಲ್ಡಿನ ಮಕ್ಕಳೆಲ್ಲರೂ ಕೇಳಿದ್ದರು. ಕೆಂಟ್ ಸ್ಟೇಟಿನ ಗುಂಡಿನ ಸದ್ದನ್ನು ಕೇಳಿದ ವಿದ್ಯಾರ್ಥಿಗಳು ನೂರಾರು. ಅನುಭವಕ್ಕೆ ಉಪಕರಣವೊಂದು ಒದಗಿ, ಕೆಲಸ ಮಾಡಲು ಕೋಣೆಯೊಂದು ಸಿಕ್ಕು, ಕೂಡಿ ನುಡಿಸುವ ಗೆಳೆಯರಿದ್ದಲ್ಲಿ ಮಾತ್ರ ಅದು ಕೃತಿಯಾಯಿತು. ಅನುಭವವನ್ನು ಮರಳಿ ಮರಳಿ ಮಾರುವುದಕ್ಕೂ ಇವರಲ್ಲಿ ಶ್ರೇಷ್ಠರಾದವರು ಒಪ್ಪಲಿಲ್ಲ. ಕರ್ಕ್ 2014ರಲ್ಲಿ ಕ್ಯಾಬರೆ ವೋಲ್ಟೇರ್ ಹೆಸರಿನಲ್ಲಿ ಒಬ್ಬನೇ ಮತ್ತೆ ವೇದಿಕೆಯನ್ನೇರಿದಾಗ ಹಳೆಯ ಹಾಡು ಒಂದನ್ನೂ ನುಡಿಸುವುದಿಲ್ಲವೆಂದು ಮೊದಲೇ ಹೇಳಿ, ಮಾತಿನಂತೆ ನಡೆದುಕೊಂಡನು. ಆ ಹೆಸರಿನ ಹೊಸ ಆಲ್ಬಮ್ ಮ್ಯೂಟ್ ಸಂಸ್ಥೆಯಿಂದ 2020ರಲ್ಲಿ ಹೊರಬಂದಿತು. 2021ರ ಸೆಪ್ಟೆಂಬರಿನಲ್ಲಿ ಆತ ನಿಧನನಾದನು.